ಬಯಾಲಜಿ ಮೇಡಂ ಕೊಟ್ಟ ಹೇಳಿಕೆ

ಅವನ ಕಡೆ ನೋಡಬಾರದು ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಬಯಾಲಜಿ ಮೇಡಂ ಅಂದು ವರ್ಕ್‌ಶಾಪಿನ ಬಾಗಿಲು ದಾಟಿದ್ದಳು.

ಒಳಗೆಲ್ಲ ಮರದ ಹೊಟ್ಟಿನ ವಾಸನೆ. ಕಿಟಕಿಯ ಬಿಸಿಲಿನಲ್ಲಿ ಸಣ್ಣ ಧೂಳು ತೇಲುತ್ತಿತ್ತು. ಜೊತೆಗೆ ಬಂದಿದ್ದ ಇನ್ನಿಬ್ಬರು ತೀರ್ಪುಗಾರರು, ಆಸ್ಪತ್ರೆಯ ಹಿರಿಯ ಡಾಕ್ಟರ್ ಮತ್ತು ನಿವೃತ್ತ ಎಂಜಿನಿಯರ್, ಮೂಗಿಗೆ ಕರವಸ್ತ್ರ ಹಿಡಿದರು. ಅವಳು ಹಿಡಿಯಲಿಲ್ಲ. ಆ ವಾಸನೆ ಅವಳಿಗೆ ಎಂದೋ ಅಭ್ಯಾಸವಾಗಿತ್ತು. ಅಭ್ಯಾಸವಾಗಿರುವುದು ಇವರಿಗೆ ಗೊತ್ತಾಗಿಬಿಟ್ಟರೆ ಎಂದು ಹೊಳೆದದ್ದೇ ತಡ, ಅವಳೂ ಬ್ಯಾಗಿನಿಂದ ಕರವಸ್ತ್ರ ತೆಗೆದಳು.

ಗೋಡೆಗೆ ಒರಗಿ ನಿಂತಿದ್ದ ಅವನು. ಮರಗೆಲಸ ಕಲಿಸುವ ಮೇಷ್ಟ್ರು. ಮಾತು ಚೂಪು ಎಂದು ಮಕ್ಕಳು ಇಟ್ಟ ಹೆಸರು ಉಳಿ ಸರ್. ಕಿವಿಯ ಹಿಂದೆ ಪೆನ್ಸಿಲ್, ಮೊಣಕೈವರೆಗೆ ಮಡಚಿದ ತೋಳು. ಅವನೂ ಅವಳನ್ನು ನೋಡಲಿಲ್ಲ. ನೋಡುತ್ತಿಲ್ಲ ಎನ್ನುವುದು ಎದ್ದು ಕಾಣುವಷ್ಟು ಜೋಪಾನವಾಗಿ ನೋಡಲಿಲ್ಲ.

ಆ ವಿದ್ಯಾಸಂಸ್ಥೆಗೆ ಎರಡು ಕಟ್ಟಡ. ಒಂದರಲ್ಲಿ ಹನ್ನೊಂದು, ಹನ್ನೆರಡನೇ ತರಗತಿಗಳು. ಅಂಗಳದ ಆಚೆಗಿನ ಇನ್ನೊಂದರಲ್ಲಿ ಮರಗೆಲಸ, ವೈರಿಂಗ್, ಹೊಲಿಗೆ ಕಲಿಸುವ ವೃತ್ತಿ ವಿಭಾಗ. ‘ವರ್ಷದ ಸಾಧಕ ವಿದ್ಯಾರ್ಥಿ’ ಪ್ರಶಸ್ತಿ ಇಷ್ಟು ವರ್ಷ ಮೊದಲ ಕಟ್ಟಡದಲ್ಲೇ ಹುಟ್ಟಿ ಅಲ್ಲೇ ಉಳಿಯುತ್ತಿತ್ತು. ಈ ಸಲ ಪ್ರಿನ್ಸಿಪಾಲರು, ಎರಡೂ ಕಡೆಯ ಮಕ್ಕಳಿಗೆ ಒಂದೇ ಪ್ರಶಸ್ತಿ, ಒಂದೇ ತೀರ್ಪುಗಾರರ ತಂಡ ಎಂದು ಹೇಳಿಬಿಟ್ಟಿದ್ದರು. ಗೆದ್ದವರಿಗೆ ಪದಕದ ಜೊತೆಗೆ ದೊಡ್ಡ ತಾಂತ್ರಿಕ ಕಾಲೇಜಿನಲ್ಲಿ ನೇರ ಪ್ರವೇಶ. ಆ ಒಂದು ಸೀಟಿಗಾಗಿ ಮಕ್ಕಳಿಗಿಂತ ಅಪ್ಪ ಅಮ್ಮಂದಿರ ನಿದ್ದೆ ಹೆಚ್ಚು ಕೆಟ್ಟಿತ್ತು.

ವೃತ್ತಿ ವಿಭಾಗದಿಂದ ಕೊನೆಯ ಸುತ್ತಿಗೆ ಬಂದವಳು ಗುಬ್ಬಿ. ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಪುಟ್ಟ ಆಕಾರ, ದೊಡ್ಡ ಗಂಟಲು. ಮೇಜಿನ ಮೇಲೆ ಅವಳು ಮಾಡಿದ ಕುರ್ಚಿ ಇತ್ತು.

“ಇದು ಪುಟ್ಟಂದು ಸರ್. ನಮ್ಮ ಪಕ್ಕದ ಮನೆಯವನು. ಅವನಿಗೆ ಕತ್ತು ನಿಲ್ಲಲ್ಲ, ಬೆನ್ನೂ ನಿಲ್ಲಲ್ಲ. ಬೇರೆ ಕುರ್ಚೀಲಿ ಕೂರಿಸಿದ್ರೆ ಜಾರಿಹೋಗ್ತಾನೆ. ಅದಕ್ಕೇ ಅವರಮ್ಮ ದಿನವಿಡೀ ಎತ್ಕೊಂಡೇ ಇರ್ತಾರೆ.” ಗುಬ್ಬಿ ಕುರ್ಚಿಯ ಬದಿಯ ಹಲಗೆಯನ್ನು ಹೊರಕ್ಕೆಳೆದು ತೋರಿಸಿದಳು. “ಇಲ್ಲಿ ಅಗಲ ಮಾಡ್ಬಹುದು. ತಲೆ ಹಿಡಿಯೋದು ಮೇಲೆ ಹೋಗುತ್ತೆ. ಕಾಲಿನ ಹಲಗೆ ಕೆಳಗೆ ಬರುತ್ತೆ. ಅವನು ಬೆಳೆದ ಹಾಗೆ ಇದೂ ಬೆಳೆಯುತ್ತೆ.”

ಎಂಜಿನಿಯರ್ ಕನ್ನಡಕದ ಮೇಲಿಂದ ನೋಡಿದರು. “ಇದ್ರಲ್ಲಿ ನಿನ್ನ ಕೆಲಸ ಎಷ್ಟು, ನಿಮ್ಮ ಸರ್‌ದು ಎಷ್ಟಮ್ಮ?”

“ಬೈದಿದ್ದೆಲ್ಲ ಅವರದು ಸರ್. ಮಿಕ್ಕಿದ್ದೆಲ್ಲ ನಂದು.”

ಎಲ್ಲರೂ ನಕ್ಕರು. ನಗುವಾಗ ಮನಸ್ಸಿನ ಬಿಗಿ ಸಡಿಲವಾಗುತ್ತದೆ. ಬಯಾಲಜಿ ಮೇಡಂ ಕಣ್ಣೆತ್ತಿದಳು. ಅವನೂ ಆಗಲೇ ಕಣ್ಣೆತ್ತಿದ್ದ. ಬಾಯಿಯ ಒಂದೇ ಬದಿಗೆ ಬರುವ ಆ ನಗು. ಎಷ್ಟೋ ವಾರಗಳ ನಂತರ ಅದನ್ನು ಕಂಡು ಅವಳ ಎದೆಯಲ್ಲಿ ಏನೋ ಜಾರಿ, ಮತ್ತೆ ಸರಿಯಾಗಿ ಕೂತ ಹಾಗಾಯಿತು. ತಟ್ಟನೆ ತಲೆ ತಗ್ಗಿಸಿ, ಇಲ್ಲದ ಏನನ್ನೋ ಬರೆದುಕೊಂಡಳು.

ಅವರಿಬ್ಬರ ನಡುವೆ ಏನಿತ್ತು ಎಂದು ಕೇಳಿದರೆ, ಏನೂ ಇರಲಿಲ್ಲ ಎಂದೇ ಹೇಳಬೇಕು.

ಹಿಂದಿನ ವರ್ಷ ಒಂದು ಮಧ್ಯಾಹ್ನ ಅವಳು ಅಂಗಳ ದಾಟಿ ಜಗಳಕ್ಕೇ ಹೋಗಿದ್ದಳು. “ನಿಮ್ಮ ಗರಗಸ ಸ್ವಲ್ಪ ನಿಲ್ಲಿಸ್ತೀರಾ? ಅಲ್ಲಿ ನಾನು ಹೃದಯದ ಪಾಠ ಮಾಡ್ತಿದ್ದೀನಿ.”

“ಹೃದಯ ಇಷ್ಟು ಸದ್ದಿಗೆಲ್ಲ ಹೆದರುತ್ತಾ ಮೇಡಂ?” ಎಂದಿದ್ದ ಅವನು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಅವಳು ಕೆಂಡವಾಗಿ ವಾಪಸು ಬಂದಿದ್ದಳು. ಆದರೆ ಮರುದಿನದಿಂದ ಅವಳ ಪೀರಿಯಡ್‌ನಲ್ಲಿ ಗರಗಸದ ಸದ್ದು ಕೇಳಲಿಲ್ಲ. ಥ್ಯಾಂಕ್ಸ್ ಹೇಳದಿದ್ದರೆ ಚೆನ್ನಾಗಿರುವುದಿಲ್ಲ, ಸುಮ್ಮನೆ ಹೋಗಿ ಹೇಳುವುದು ಇನ್ನೂ ಚೆನ್ನಾಗಿರುವುದಿಲ್ಲ ಎಂದು ಲ್ಯಾಬಿನ ಒಂದು ಮುರುಕು ಸ್ಟೂಲನ್ನು ಹಿಡಿದುಕೊಂಡು ಹೋದಳು. ಕೊಡಲು ಒಮ್ಮೆ, ತರಲು ಒಮ್ಮೆ. ಆಮೇಲೆ ಇನ್ನೊಂದು ಸ್ಟೂಲು. ಮತ್ತೊಂದು.

“ಇದರ ಕಾಲು ಗಟ್ಟಿಯಾಗೇ ಇದೆಯಲ್ಲ ಮೇಡಂ,” ಎಂದ ಒಂದು ದಿನ.

“ಇನ್ನೊಂದ್ಸಲ ನೋಡಿ.”

ಅವನು ಮತ್ತೆ ನೋಡಿದ. ಸ್ಟೂಲನ್ನಲ್ಲ. “ಹೌದು, ಸ್ವಲ್ಪ ಅಲ್ಲಾಡ್ತಿದೆ. ನಾಳೆ ಬನ್ನಿ.”

ಅಷ್ಟೇ. ಅದರ ಮುಂದಿನ ಮಾತನ್ನು ಅವನು ಆಡಲಿಲ್ಲ, ಅವಳೂ ಆಡಲಿಲ್ಲ. ಇಬ್ಬರಿಗೂ ಮೂವತ್ತು ದಾಟಿತ್ತು. ಅವಳಿಗೆ ಹಿಂದೊಮ್ಮೆ ಮದುವೆ ಗೊತ್ತಾಗಿ, ಇನ್ನೇನು ಹತ್ತಿರ ಬಂತು ಎನ್ನುವಾಗ ಹುಡುಗನ ಕಡೆಯವರು ಬೇಡವೆಂದಿದ್ದರು. ಆ ಅವಮಾನವನ್ನು ನುಂಗಿಕೊಂಡು ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ತನ್ನ ಪಾಡಿಗೆ ತಾನಿದ್ದಳು. ಇನ್ನೊಮ್ಮೆ ಬಾಯಿಬಿಟ್ಟು ಕೇಳಿ ‘ಇಲ್ಲ’ ಎನ್ನಿಸಿಕೊಳ್ಳುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.

ತೀರ್ಪುಗಾರರ ತಂಡಕ್ಕೆ ಹೆಸರು ಕೊಟ್ಟ ದಿನ ಪ್ರಿನ್ಸಿಪಾಲರು ಕೇಳಿದ್ದರು: “ಸ್ಪರ್ಧೆಯಲ್ಲಿರೋ ಮಕ್ಕಳ ಜೊತೆ, ಅವರಿಗೆ ಕಲಿಸೋರ ಜೊತೆ, ನಿಮಗೆ ಯಾರಿಗಾದ್ರೂ ಸಂಬಂಧ, ನೆಂಟಸ್ತಿಕೆ ಏನಾದ್ರೂ ಇದೆಯಾ?”

“ಒಬ್ಬ ನನ್ನದೇ ಸ್ಟೂಡೆಂಟ್ ಸರ್,” ಎಂದಿದ್ದಳು.

“ಅದು ಎಲ್ಲರಿಗೂ ಗೊತ್ತಿರೋದೇ. ಬೇರೆ?”

“ಇಲ್ಲ,” ಎಂದಳು. ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಯಿತು. ಅಂದಿನಿಂದ ಅವಳು ವರ್ಕ್‌ಶಾಪಿನ ಕಡೆ ತಲೆ ಹಾಕಲಿಲ್ಲ. ಯಾಕೆ ಎಂದು ಅವನೂ ಕೇಳಲಿಲ್ಲ, ಅರ್ಥ ಮಾಡಿಕೊಂಡ.

ಅವಳ ಆ ಸ್ಟೂಡೆಂಟು ಟಾಪರ್. ಅದೇ ಅವನ ಅಡ್ಡಹೆಸರೂ ಆಗಿಹೋಗಿತ್ತು. ತನ್ನ ಬಡಾವಣೆಯ ನಲ್ಲಿ ನೀರನ್ನು ತಿಂಗಳುಗಟ್ಟಲೆ ಪರೀಕ್ಷಿಸಿ, ಎಲ್ಲಿ ಒಡೆದ ಪೈಪಿನೊಳಗೆ ಕೊಳಚೆ ಸೇರುತ್ತಿದೆ ಎಂದು ಹುಡುಕಿ, ಕಚೇರಿಯಿಂದ ಕಚೇರಿಗೆ ಅಲೆದು ಅದನ್ನು ಸರಿ ಮಾಡಿಸಿದ್ದ. ಅದೂ ಏನು ಕಡಿಮೆ ಕೆಲಸವಲ್ಲ. ಅಂಕ ಕೊಡುವ ದಿನ ಅವಳು ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಕೊನೆಗೆ ಕಣ್ಣೆದುರು ಬಂದದ್ದು ಆ ಕುರ್ಚಿ. ಅದರಲ್ಲಿ ಬೆನ್ನೆಲುಬಿನ ಒಂದೊಂದು ತಿರುವಿಗೂ ಆಸರೆ ಇತ್ತು. ಗುಬ್ಬಿಗೇ ಹೆಚ್ಚು ಕೊಟ್ಟಳು.

ಫಲಿತಾಂಶ ಹೊರಗೆ ಬಂದಾಗ ಗುಬ್ಬಿ ಕೂದಲೆಳೆಯಷ್ಟರಲ್ಲಿ ಮುಂದಿದ್ದಳು. ಅಂಗಳದ ಆಚೆ ಮಕ್ಕಳು ಸುತ್ತಿಗೆಯಿಂದ ಬೆಂಚು ಕುಟ್ಟಿ ಕೂಗಿದ ಕೂಗಿಗೆ ಈಚೆ ಕಿಟಕಿಯ ಗಾಜು ಅದುರಿತು.

ಮರುದಿನ ಬೆಳಿಗ್ಗೆ ಟಾಪರ್‌ನ ಅಪ್ಪ ಬಂದರು. ಅವರು ವಕೀಲರು.

ಪ್ರಿನ್ಸಿಪಾಲರ ಕೋಣೆಗೆ ಬಯಾಲಜಿ ಮೇಡಂಗೆ ಕರೆ ಬಂದಾಗ ಉಳಿ ಸರ್ ಅಲ್ಲಿ ಮೊದಲೇ ಕೂತಿದ್ದ. ಬೆನ್ನು ನೆಟ್ಟಗೆ, ಕೈ ಎರಡೂ ಮಂಡಿಯ ಮೇಲೆ. ವಕೀಲರ ದನಿ ತುಂಬ ಮೆತ್ತಗಿತ್ತು. ಅಷ್ಟು ಮೆತ್ತಗಿರುವುದೇ ಅವಳಿಗೆ ಭಯ ಹುಟ್ಟಿಸಿತು.

“ಕೂತ್ಕೊಳ್ಳಿ ಮೇಡಂ. ನಾನು ಜಗಳಕ್ಕೆ ಬಂದಿಲ್ಲ. ನನ್ನ ಮಗ ಸೋತಿದ್ದಕ್ಕೂ ಬಂದಿಲ್ಲ. ಒಂದು ವಿಷಯ ಸ್ಪಷ್ಟವಾದ್ರೆ ಸಾಕು.” ಅವನತ್ತ ತಿರುಗಿದರು. “ಈ ವರ್ಷ ಬಯಾಲಜಿ ಲ್ಯಾಬಿನ ಸ್ಟೂಲುಗಳು ರಿಪೇರಿಗೆ ಬಂದಷ್ಟು ಈ ಸಂಸ್ಥೆಯಲ್ಲಿ ಬೇರೆ ಯಾವ ವಸ್ತುವೂ ಬಂದಿಲ್ಲವಂತೆ. ಹೌದಾ?”

“ಮಕ್ಕಳು ಕೂರೋ ಸ್ಟೂಲು ಸರ್. ಅಲ್ಲಾಡುತ್ತೆ.”

“ಎಲ್ಲಾ ಸ್ಟೂಲನ್ನೂ ಮೇಡಂ ಅವರೇ ಖುದ್ದಾಗಿ ಹೊತ್ತು ತರ್ತಾರಂತೆ.”

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸತೊಡಗಿದರು. ಪೇಚಿಗೆ ಸಿಕ್ಕಿಕೊಂಡಾಗೆಲ್ಲ ಅವರು ಮಾಡುವುದು ಅದೇ.

“ನೇರವಾಗೇ ಕೇಳ್ತೀನಿ,” ಎಂದರು ವಕೀಲರು. “ನಿಮಗೂ ಇವರಿಗೂ ಸಹೋದ್ಯೋಗ ಬಿಟ್ಟು ಬೇರೆ ಸಂಬಂಧ ಇದೆಯಾ?”

ಅವನು ಮೇಜಿನ ಅಂಚನ್ನೇ ನೋಡುತ್ತಿದ್ದ. ಅವಳು ಅವನನ್ನು ನೋಡುತ್ತಿದ್ದಳು. ಈಗ ಮಾತ್ರ ಎಲ್ಲರೆದುರಿಗೇ ನೋಡುತ್ತಿದ್ದಳು.

“ಇಲ್ಲ,” ಎಂದ ಅವನು.

ಸಣ್ಣ ಮಾತು. ಅದು ಇಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ಮೇಡಂ, ನೀವು?”

ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಪದಕ ಗುಬ್ಬಿಯ ಕೈಯಲ್ಲೇ ಉಳಿಯುತ್ತಿತ್ತು. ವಕೀಲರು ಎದ್ದು ಕೈಕುಲುಕಿ ಹೋಗುತ್ತಿದ್ದರು. ಅವಳ ನಾಲಿಗೆಯ ತುದಿಗೂ ಬಂತು ಆ ಮಾತು. ಆದರೆ ಪ್ರಿನ್ಸಿಪಾಲರು ಕೇಳಿದಾಗ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಇನ್ನೂ ಅಲ್ಲೇ ಇತ್ತು. ಇನ್ನೊಮ್ಮೆ ಇಲ್ಲ ಎಂದರೆ ಅದು ಸುಳ್ಳೇ ಆಗುತ್ತದೆ. ಆ ಸುಳ್ಳಿನ ಮೇಲೆ ಒಂದು ಹುಡುಗಿಯ ಪದಕ ನಿಲ್ಲುತ್ತದೆ.

“ಇದೆ,” ಎಂದಳು.

ಪ್ರಿನ್ಸಿಪಾಲರ ಕೈ ನಿಂತಿತು.

“ಅಂದ್ರೆ, ಅವರು ಹೇಳಿದ್ದು ಸುಳ್ಳಲ್ಲ. ಅವರ ಕಡೆಯಿಂದ ಏನೂ ಇಲ್ಲ. ಇರೋದು ನನ್ನ ಕಡೆಯಿಂದ.” ಅವಳು ಪ್ರಿನ್ಸಿಪಾಲರ ಕಡೆ ತಿರುಗಿದಳು. “ನಾನು ಅವರಿಗೆ ಯಾವತ್ತೂ ಹೇಳಿಲ್ಲ. ಅವರಿಗೂ ಈಗಲೇ ಗೊತ್ತಾಗ್ತಿರೋದು. ನಾನು ಅಂಕ ಕೊಟ್ಟಿದ್ದು ಕುರ್ಚಿಗೆ. ಎಲ್ಲಿ ಬೇಕಾದ್ರೂ ಆಣೆ ಮಾಡಿ ಹೇಳ್ತೀನಿ. ಆದ್ರೆ ಮನಸ್ಸಲ್ಲಿ ಇದನ್ನ ಇಟ್ಕೊಂಡು ನಾನು ಆ ತಂಡದಲ್ಲಿ ಕೂರಬಾರದಿತ್ತು. ನನ್ನ ಅಂಕ ತೆಗೆದುಹಾಕಿ ಸರ್. ಬೇರೆಯವರಿಂದ ನೋಡಿಸಿ. ಗುಬ್ಬಿಯದು ಮಾತ್ರ ಏನೂ ತಪ್ಪಿಲ್ಲ.”

ಎಂಥೆಂಥ ಸಾಕ್ಷಿಗಳನ್ನೋ ಕಂಡಿದ್ದ ವಕೀಲರು ಕುರ್ಚಿಗೆ ಹಿಂದಕ್ಕೆ ಒರಗಿದರು. ಇಷ್ಟು ಸುಲಭವಾಗಿ ಸಿಕ್ಕ ಸತ್ಯವನ್ನು ಏನು ಮಾಡಬೇಕೆಂದು ಅವರಿಗೂ ತೋಚಿದ ಹಾಗೆ ಕಾಣಲಿಲ್ಲ.

ಉಳಿ ಸರ್ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಏನಿತ್ತೆಂದು ಓದುವಷ್ಟು ಹೊತ್ತು ಅವಳು ಅಲ್ಲಿ ಕೂರಲಿಲ್ಲ. ಎದ್ದು ಹೊರಗೆ ನಡೆದಳು.

ಮೆಟ್ಟಿಲ ಹತ್ತಿರ ಅವನು ಬೆನ್ನಹಿಂದೆ ಬಂದ. “ಮೇಡಂ, ನಿಲ್ಲಿ.”

ನಿಂತಳು. ತಿರುಗಲಿಲ್ಲ.

“ಯಾಕೆ ಹೇಳಿದ್ರಿ?” ದನಿ ಒರಟಾಗಿತ್ತು. “ಕೈಗೆ ಬಂದ ತುತ್ತು ಆ ಹುಡುಗಿಗೆ. ಹೋಯ್ತಲ್ಲ.”

“ನಿಜ ಹೇಳಿದೆ.”

“ನಿಜ ಹೇಳೋಕೆ ಬೇರೆ ದಿನ ಇರಲಿಲ್ವಾ?”

ಅವಳು ತಿರುಗಿದಳು. “ಇತ್ತು. ಒಂದಿಡೀ ವರ್ಷ ಇತ್ತು. ನನಗೂ, ನಿಮಗೂ.”

ಅವಳು ಇಳಿದುಹೋದಳು.

ಇಂಥ ಸುದ್ದಿಗೆ ಕಾಲಲ್ಲ, ರೆಕ್ಕೆ. ಅವಳು ಮನೆ ಸೇರುವ ಮೊದಲೇ ಅದು ಮನೆ ಸೇರಿತ್ತು. ಅಣ್ಣ ಹಾಲಿನಲ್ಲಿ ಶತಪಥ ಹಾಕುತ್ತಿದ್ದ.

“ಮದುವೆ ಮಾತಿಗೆ ಜನ ಮನೆಗೆ ಬರ್ತಾರೆ ಕಣೇ! ನೀನು ಪ್ರಿನ್ಸಿಪಾಲರ ಕೋಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದಿದ್ದೀಯ. ಅದೂ ವಕೀಲರ ಎದುರಿಗೆ! ಅದೂ ಅವನು ಇಲ್ಲ ಅಂದ ಮೇಲೆ!”

“ಹ್ಞೂಂ ಅಣ್ಣ.”

“ಏನು ಹ್ಞೂಂ? ನಾಳೆ ನಾನು ಹೊರಗೆ ಹೇಗೆ ತಲೆ ಎತ್ತಲಿ?”

“ಎಂದಿನ ಹಾಗೇ ಎತ್ತಿ,” ಎಂದರು ಅಡುಗೆಮನೆಯಿಂದ ಅತ್ತಿಗೆ. “ಅವಳೇನು ಕದ್ದು ಸಿಕ್ಕಿಬಿದ್ದಿಲ್ಲ. ಕೇಳಿದ್ರು, ಹೇಳಿದಳು.” ಆಮೇಲೆ ಟೀ ಹಿಡಿದು ಮಹಡಿಗೆ ಬಂದು ಅವಳ ಪಕ್ಕ ಕೂತು, ದನಿ ತಗ್ಗಿಸಿ ಕೇಳಿದರು. “ನೋಡೋಕೆ ಹೇಗಿದ್ದಾನೆ?”

ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅತ್ತಿಗೆಯ ಭುಜಕ್ಕೆ ಮುಖವಿಟ್ಟು ಅತ್ತುಬಿಟ್ಟಳು. “ಇಲ್ಲ ಅಂದ್ರು ಅತ್ತಿಗೆ. ಒಂದ್ಸಲ ನನ್ನ ಕಡೆ ನೋಡಿ ಇಲ್ಲ ಅಂದಿದ್ರೂ ತಡ್ಕೊಳ್ತಿದ್ದೆ. ಮೇಜು ನೋಡ್ಕೊಂಡು ಅಂದ್ರು.”

ಪ್ರಿನ್ಸಿಪಾಲರು ತೀರ್ಮಾನ ಹೇಳಿದರು: ಬಯಾಲಜಿ ಮೇಡಂ ಕೊಟ್ಟ ಅಂಕಗಳು ರದ್ದು. ಸಂಸ್ಥೆಗೆ ಸಂಬಂಧವೇ ಇಲ್ಲದ ಹೊಸ ತೀರ್ಪುಗಾರರೊಬ್ಬರು ಸಮಾರಂಭದ ದಿನ ಬೆಳಿಗ್ಗೆಯೇ ಬಂದು ಎರಡೂ ಕೆಲಸಗಳನ್ನು ನೋಡುತ್ತಾರೆ. ಉಳಿದಿಬ್ಬರ ಅಂಕಗಳಲ್ಲಿ ಮಕ್ಕಳು ಸಮಸಮ ಇದ್ದುದರಿಂದ, ಅವರು ಯಾರ ಕಡೆ ವಾಲುತ್ತಾರೋ ಪ್ರಶಸ್ತಿ ಆ ಕಡೆ.

ಸಮಾರಂಭದವರೆಗಿನ ಅಷ್ಟೂ ದಿನ ಅವಳು ಸ್ಟಾಫ್‌ರೂಮಿಗೆ ಹೋದರೆ ಅಲ್ಲಿನ ಮಾತು ನಿಲ್ಲುತ್ತಿತ್ತು, ಹೊರಬಿದ್ದರೆ ಮತ್ತೆ ಶುರುವಾಗುತ್ತಿತ್ತು. ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಗುಬ್ಬಿ ಬಂದು ನಿಂತಳು. ಕಣ್ಣು ಊದಿಕೊಂಡಿದ್ದವು.

“ಒಳಗೆ ಬಾ.”

“ಬರಲ್ಲ ಮೇಡಂ. ನಿಮ್ಮ ಮೇಲೆ ಕೋಪ ಇದೆ.” ಅಲ್ಲೇ ನಿಂತು ಬೂಟಿನ ತುದಿಯಿಂದ ನೆಲ ಕೆರೆದಳು. “ನೀವು ಸುಮ್ಮನಿದ್ದಿದ್ರೆ ನಂಗೆ ಸೀಟು ಸಿಕ್ಕಿರೋದು. ನಾನು ತುಂಬಾ ಅತ್ತೆ.”

“ಗೊತ್ತು. ನನ್ನಿಂದ ನಿನಗೆ ತೊಂದರೆ ಆಯ್ತು.”

“ಆಮೇಲೆ ಯೋಚನೆ ಬಂತು. ನಾಳೆ ಆ ಕಾಲೇಜಲ್ಲಿ ಯಾರಾದ್ರೂ, ನಿನ್ನ ಸರ್‌ಗೋಸ್ಕರ ಕೊಟ್ರಂತೆ ಅಂದಿದ್ರೆ? ಆಗ ನಾನು ಏನು ಹೇಳ್ತಿದ್ದೆ?” ಮೂಗು ಒರೆಸಿಕೊಂಡಳು. “ಆದ್ರೂ ಕೋಪ ಇದೆ. ಫಂಕ್ಷನ್ ತನಕ ಇರುತ್ತೆ. ಆಮೇಲೆ ನೋಡೋಣ.”

ಹೋಗುತ್ತಾ ತಿರುಗಿದಳು. “ಸರ್ ಈಗ ಬೈಯೋದೇ ಇಲ್ಲ ಮೇಡಂ. ಹಲಗೆ ತಪ್ಪು ಕೊಯ್ದ್ರೂ ಸುಮ್ನೆ ನೋಡ್ತಾರೆ. ನಮಗೆಲ್ಲ ಭಯ ಆಗ್ತಿದೆ.”

ಸಮಾರಂಭದ ದಿನ ಬೆಳಿಗ್ಗೆ ಹೊಸ ತೀರ್ಪುಗಾರರು ಬಂದರು. ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಮಹಿಳೆ ಒಬ್ಬರು. ಗಿಡ್ಡ ಕೂದಲು, ಬಿರುಸು ನಡಿಗೆ. ಮೊದಲು ಟಾಪರ್‌ನ ಜೊತೆ ಬಡಾವಣೆಗೆ ಹೋಗಿ ಪೈಪು ನೋಡಿ, ಜನರನ್ನು ಮಾತಾಡಿಸಿ ಬಂದರು. ಆಮೇಲೆ ಪುಟ್ಟನನ್ನು ಕರೆಸಬೇಕು ಎಂದರು. “ಖಾಲಿ ಕುರ್ಚಿಗೆ ನಾನು ಅಂಕ ಕೊಡಲ್ಲ.”

ವರ್ಕ್‌ಶಾಪಿನ ಬಾಗಿಲು ಮುಚ್ಚಿತು. ಒಳಗೆ ಗುಬ್ಬಿ, ಪುಟ್ಟ, ಅವನಮ್ಮ, ತೀರ್ಪುಗಾರರು. ಕಲಿಸಿದವರಿಗೂ ಪ್ರವೇಶವಿಲ್ಲ. ಬಯಾಲಜಿ ಮೇಡಂ ಲ್ಯಾಬಿನ ಕಿಟಕಿಯಲ್ಲಿ ನಿಂತು ನೋಡಿದಳು. ಅಂಗಳದ ಆಚೆ, ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಉಳಿ ಸರ್ ಒಬ್ಬನೇ ಕೂತಿದ್ದ. ಕೈಯಲ್ಲೊಂದು ಮರದ ಚೂರು. ಅದನ್ನು ಸುಮ್ಮನೆ ತಿರುಗಿಸುತ್ತಿದ್ದ.

ಒಳಗಿನಿಂದ ಮಗುವಿನ ಅಳು ಕೇಳಿತು. ಅವನು ದಡಕ್ಕನೆ ಎದ್ದ. ಬಾಗಿಲ ಕಡೆ ಒಂದು ಹೆಜ್ಜೆ ಹಾಕಿ, ನಿಂತ. ಅಳು ಜೋರಾಯಿತು. ಅವಳ ಉಗುರು ಕಿಟಕಿಯ ಚೌಕಟ್ಟಿಗೆ ಊರಿತ್ತು. ಕುರ್ಚಿಯ ಬೆಲ್ಟು ಬಿಗಿಯಾಯಿತೇ? ಬೆನ್ನು ಜಾರಿತೇ? ತಾನು ಕೊಟ್ಟ ಅಂಕವೇ ತಪ್ಪಾಗಿತ್ತೇ? ಕಣ್ಣಿಗೆ ಕಂಡದ್ದು ಕುರ್ಚಿಯೋ, ಗೋಡೆಗೆ ಒರಗಿದ್ದ ಅವನೋ? ಆ ಪ್ರಶ್ನೆಯಿಂದಲೇ ಅವಳು ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದ್ದಳು. ಈಗ ಅದು ಅವಳನ್ನು ಗೋಡೆಗೆ ಒತ್ತಿ ಹಿಡಿದಿತ್ತು.

ಅಳು ನಿಂತಿತು. ಬಾಗಿಲು ತೆರೆಯಲಿಲ್ಲ.

“ಮೇಡಂ.” ಹಿಂದೆ ಟಾಪರ್ ನಿಂತಿದ್ದ. “ಅಪ್ಪ ಬಂದು ಕೇಳಿದ್ದು ನನಗೆ ಗೊತ್ತಿರಲಿಲ್ಲ. ನನಗೇ ನಾಚಿಕೆ ಆಗ್ತಿದೆ.”

“ಕೇಳಬೇಕಾದ್ದನ್ನೇ ಕೇಳಿದ್ರು ಬಿಡು. ನಿನ್ನ ಕೆಲಸ ಚೆನ್ನಾಗಿದೆ. ಅದು ನನ್ನ ಮನಸ್ಸಿನ ಮಾತು.”

“ಗುಬ್ಬಿ ಗೆದ್ರೆ ನಂಗೇನೂ ಬೇಜಾರಿಲ್ಲ ಮೇಡಂ,” ಎಂದ ಅವನು. ಸ್ವಲ್ಪ ಯೋಚಿಸಿ, “ಇದೆ. ಸ್ವಲ್ಪ ಇದೆ,” ಎಂದ.

ಆ ಗಳಿಗೆಯಲ್ಲೂ ಅವಳಿಗೆ ನಗು ಬಂತು.

ಸಂಜೆಯ ಹೊತ್ತಿಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ವಕೀಲರು. ಎಡಗಡೆ ಈ ಕಟ್ಟಡದ ಮಕ್ಕಳು, ಬಲಗಡೆ ಆ ಕಟ್ಟಡದವರು. ಬಯಾಲಜಿ ಮೇಡಂ ಹಿಂದಿನ ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕ ಕೂತಳು. ಬೇಕಾದರೆ ಎದ್ದುಹೋಗಬಹುದಲ್ಲ. ಉಳಿ ಸರ್ ಎಲ್ಲಿದ್ದಾನೆ ಎಂದು ನೋಡದೆಯೇ ಅವಳಿಗೆ ಗೊತ್ತಿತ್ತು.

ಫಿಸಿಯೋಥೆರಪಿಸ್ಟ್ ಮೈಕಿನ ಮುಂದೆ ಬಂದರು. “ನನಗೆ ಹೊಗಳಿ ಅಭ್ಯಾಸ ಇಲ್ಲ,” ಎಂದು ಶುರು ಮಾಡಿದರು. “ನೀರಿನ ಕೆಲಸ ಮಾಡಿದ ಹುಡುಗ ಒಂದು ಬಡಾವಣೆಗೆ ಕಾಯಿಲೆ ಬರದ ಹಾಗೆ ನೋಡಿಕೊಂಡಿದ್ದಾನೆ. ಅವನಿಗೆ ವಿಶೇಷ ಗೌರವ ಕೊಡಬೇಕು ಅಂತ ಕೇಳಿಕೊಂಡಿದ್ದೀನಿ. ಕೊಡ್ತಾರೆ. ಇನ್ನು ಕುರ್ಚಿ. ಅದರಲ್ಲೊಂದು ತಪ್ಪಿದೆ.”

ಬಲಗಡೆಯ ಮಕ್ಕಳು ಉಸಿರು ಬಿಗಿಹಿಡಿದರು.

“ಪಾದ ಇಡೋ ಹಲಗೆ ಇನ್ನೂ ಸ್ವಲ್ಪ ಓರೆ ಇರಬೇಕಿತ್ತು. ಮಗು ಅತ್ತಿದ್ದು ಅದಕ್ಕೇ. ನಾನು ಹೇಳಿದಾಗ ಆ ಹುಡುಗಿ ವಾದ ಮಾಡಲಿಲ್ಲ. ಮಗುವಿನ ಪಾದ ತನ್ನ ಅಂಗೈಲಿ ಇಟ್ಕೊಂಡು, ಇಷ್ಟಾ ಮೇಡಂ, ಇಷ್ಟಾ ಅಂತ ಕೇಳಿದಳು. ಅಲ್ಲೇ ಸರಿ ಮಾಡಿದಳು. ಮಗು ಕೂತ. ಅವನಮ್ಮ ಖಾಲಿ ಕೈಯಲ್ಲಿ ದೂರ ಹೋಗಿ ನಿಂತು ಅವನನ್ನ ನೋಡಿದ್ರು. ಅಷ್ಟು ದೂರದಿಂದ ನೋಡಿದ್ದು ಇದೇ ಮೊದಲಂತೆ.” ಅವರು ಗಂಟಲು ಸರಿಮಾಡಿಕೊಂಡರು. “ವರ್ಷದ ಸಾಧಕ ವಿದ್ಯಾರ್ಥಿ…”

ಹೆಸರು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಬಲಗಡೆಯವರ ಕೂಗು ಸೂರು ಹಾರಿಸಿತ್ತು. ಎಡಗಡೆ ಮೊದಲು ಎದ್ದು ನಿಂತವನು ಟಾಪರ್. ಅವನ ಹಿಂದೆ ಉಳಿದವರೆಲ್ಲ ಎದ್ದರು. ವಕೀಲರು ಒಂದಿಷ್ಟು ಹೊತ್ತು ಮಗನನ್ನೇ ನೋಡಿ, ಎದ್ದು, ಚಪ್ಪಾಳೆ ತಟ್ಟಿದರು.

ಬಯಾಲಜಿ ಮೇಡಂ ಚಪ್ಪಾಳೆ ತಟ್ಟಲಿಲ್ಲ. ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅಳು ತಡೆದುಕೊಂಡಿದ್ದಳು.

ಕಲಿಸಿದವರು ಎರಡು ಮಾತಾಡಬೇಕು ಎಂದು ಪ್ರಿನ್ಸಿಪಾಲರು ಕರೆದರು. ಉಳಿ ಸರ್ ವೇದಿಕೆ ಹತ್ತಿದ. ಕೆಲವರು ಹಿಂದಕ್ಕೆ ತಿರುಗಿ ಅವಳ ಮುಖವನ್ನೇ ನೋಡಿದರು. ಏನೋ ಹೇಳಿಯೇ ಹೇಳುತ್ತಾನೆ ಎಂದು ಕಾದರು. ಅವಳ ಎದೆಯೂ ಕಾದಿತು. ಬೇಡ ಎಂದಿತು, ಹೇಳಲಿ ಎಂದಿತು.

“ಈ ಹುಡುಗಿಗೆ ನಾನು ತುಂಬ ಬೈದಿದ್ದೀನಿ,” ಎಂದ ಅವನು. “ಒಂದು ಸಲವೂ ಉಳಿ ಕೆಳಗಿಟ್ಟು ಹೋಗಲಿಲ್ಲ. ಇವತ್ತು ಒಬ್ಬ ತಾಯಿಯ ಕೈಗೆ ಬಿಡುವು ಕೊಟ್ಟಿದ್ದಾಳೆ. ಅದಕ್ಕಿಂತ ದೊಡ್ಡ ಕೆಲಸ ನನಗಂತೂ ಗೊತ್ತಿಲ್ಲ. ನಮಸ್ಕಾರ.”

ಇಳಿದುಬಿಟ್ಟ.

ಅವಳಿಗೆ ಹೆಮ್ಮೆಯಾಯಿತು. ಅಷ್ಟೇ ನಿರಾಸೆಯೂ ಆಯಿತು. ಸದ್ದಿಲ್ಲದೆ ಎದ್ದು ಹೊರಗೆ ಬಂದಳು.

ಅಂಗಳದಲ್ಲಿ ಸಂಜೆಯ ಬಿಸಿಲು ಉದ್ದಕ್ಕೆ ಮಲಗಿತ್ತು. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಓಡಿಬರುವ ಹೆಜ್ಜೆ ಕೇಳಿಸಿತು.

“ಮೇಡಂ!”

ಅವನು ಏದುಸಿರು ಬಿಡುತ್ತಿದ್ದ. ಕೂದಲು ಹಣೆಗೆ ಬಿದ್ದಿತ್ತು. “ಹಾಗೇ ಹೊರಟುಬಿಟ್ರಲ್ಲ.”

“ಫಂಕ್ಷನ್ ಮುಗೀತಲ್ಲ.”

“ನಾನು ಏನಾದ್ರೂ ಹೇಳ್ತೀನಿ ಅಂತ ಕಾದ್ರಾ?”

“ನಾನ್ಯಾಕೆ ಕಾಯಲಿ?”

“ಕಾದ್ರಿ. ನೋಡಿದೆ.” ಅವನ ದನಿ ಇಳಿಯಿತು. “ಆ ಮೈಕು ಗುಬ್ಬಿದು ಮೇಡಂ. ಅದರಲ್ಲಿ ನನ್ನ ವಿಷಯ ಹೇಗೆ ಹೇಳಲಿ? ಈ ದಿನ ಇಡೀ ಅವಳಿಗೇ ಇರಬೇಕಿತ್ತು.”

ಅದು ಸರಿ ಎಂದು ಅವಳಿಗೂ ಗೊತ್ತಿತ್ತು. ಸರಿಯಾದ ಮಾತು ಯಾಕೆ ಇಷ್ಟು ನೋಯಿಸುತ್ತದೆ ಎಂದು ಮಾತ್ರ ಗೊತ್ತಾಗಲಿಲ್ಲ.

“ಆವತ್ತು ಅವರು ಸಂಬಂಧ ಇದೆಯಾ ಅಂತ ಕೇಳಿದ್ರು. ಇಲ್ಲ ಅಂದೆ. ನೀವು ಬಾಯಿಬಿಟ್ಟು ಒಪ್ಪದೇ ಇರೋದನ್ನ ಇದೆ ಅಂತ ಹೇಗೆ ಹೇಳಲಿ? ಆಸೆ ಇದೆಯಾ ಅಂತ ಕೇಳಿದ್ರೆ ಅಲ್ಲೇ ಸಿಕ್ಕಿಹಾಕ್ಕೊಳ್ತಿದ್ದೆ.”

ಅವಳು ತಟ್ಟನೆ ತಲೆಯೆತ್ತಿದಳು.

“ನಿಮ್ಮ ಮುಖ ನೋಡಿದ್ರೆ ಇಲ್ಲ ಅನ್ನೋಕೆ ಬಾಯಿ ಬರ್ತಿರಲಿಲ್ಲ. ಅದಕ್ಕೇ ಮೇಜು ನೋಡಿದೆ. ನೀವು ಇದೆ ಅಂದಾಗ…” ಅವನು ನಿಲ್ಲಿಸಿ, ಅಂಗೈಯಿಂದ ಮುಖ ಒರೆಸಿಕೊಂಡ. “ಒಳಗೆ ಹಾರಿ ಕುಣಿಯೋ ಹಾಗಾಯ್ತು. ಆ ಕ್ಷಣದಲ್ಲೇ ಗುಬ್ಬಿ ನೆನಪಾದಳು. ಅವಳ ಸೀಟು ಹೋದ ಗಳಿಗೇಲಿ ನನಗೆ ಖುಷಿ ಆಯ್ತಲ್ಲ ಅಂತ ನಾಚಿಕೆ. ನನ್ನ ಮೇಲಿನ ಸಿಟ್ಟನ್ನೆಲ್ಲ ಮೆಟ್ಟಿಲ ಹತ್ರ ನಿಮ್ಮ ಮೇಲೆ ಹಾಕಿದೆ. ಅವಳ ವಿಷಯ ಇತ್ಯರ್ಥ ಆಗೋ ತನಕ ನಿಮ್ಮ ಕಡೆ ಬರಬಾರದು ಅಂತ ಕೂತೆ. ಈ ಕೆಲವು ದಿನ ನನ್ನ ಪಾಡು ನನಗೇ ಗೊತ್ತು.”

“ಮಕ್ಕಳಿಗೂ ಗೊತ್ತು,” ಎಂದಳು ಅವಳು. “ಬೈಯೋದೇ ಇಲ್ಲವಂತೆ ನೀವು. ಹೆದರಿಕೊಂಡಿದ್ದಾರೆ.”

ಬಾಯಿಯ ಒಂದು ಬದಿಗೆ ನಗು ಬಂತು ಅವನಿಗೆ. “ಅಮ್ಮ ನನಗೆ ದಿನಾ ಬೈತಾರೆ. ಅವರಿಗೆ ಎಷ್ಟೋ ತಿಂಗಳ ಹಿಂದೆಯೇ ಹೇಳಿದ್ದೆ. ನಿಮಗೊಬ್ಬರಿಗೆ ಹೇಳಿರಲಿಲ್ಲ.”

“ಯಾರಿಗೆ ಹೇಳಬೇಕಿತ್ತೋ ಅವರನ್ನ ಬಿಟ್ಟು.”

“ಹೌದು. ಮೊದಲು ಹೇಳಬೇಕಾದವನು ನಾನು. ಎಲ್ಲರೆದುರಿಗೆ ಹೇಳೋ ಹಾಗಾಯ್ತು ನಿಮಗೆ. ಈಗ ನಾನು ನಿಮ್ಮ ಅಣ್ಣನ ಎದುರಿಗೆ ಬಂದು ಹೇಳ್ಲಾ? ಇವತ್ತೇ?”

“ಅಣ್ಣ ತುಂಬ ಕೋಪದಲ್ಲಿದ್ದಾನೆ.”

“ಬೈತಾರಾ?”

“ಬಾಗಿಲಲ್ಲೇ ಶುರು ಮಾಡ್ತಾನೆ. ಅತ್ತಿಗೆ ಮಾತ್ರ ಟೀ ಕೊಡ್ತಾರೆ.”

“ಎರಡೂ ಆಗಲಿ.” ಅವನು ತೋಳಿನ ಮಡಿಕೆ ಬಿಚ್ಚಿ, ಗುಂಡಿ ಹಾಕಿಕೊಂಡು, ಅಂಗಿಯ ಮೇಲಿನ ಹೊಟ್ಟು ಕೊಡವಿದ. ಎಲ್ಲ ಕೊಡವಿದರೂ ಹೆಗಲ ಮೇಲೆ ಒಂದು ಸುರುಳಿ ಉಳಿದಿತ್ತು. ಅವಳು ಕೈಚಾಚಿ ಅದನ್ನು ತೆಗೆದಳು. ತೆಗೆದ ಮೇಲೂ ಕೈ ಅಲ್ಲೇ ಒಂದು ಕ್ಷಣ ನಿಂತಿತು. ಸಭಾಂಗಣದಿಂದ ಮಕ್ಕಳು ಹೊರಗೆ ಬರುತ್ತಿದ್ದರು. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಬರ್ಲಾ ಮೇಡಂ?” ಎಂದ ಅವನು ಮತ್ತೆ, ಮೆಲ್ಲಗೆ.

ಅವಳು ಅವನ ಮುಖವನ್ನು ನೋಡಿದಳು. ಯಾರಿಗೂ ಹೆದರದೆ, ಯಾವುದನ್ನೂ ಬಚ್ಚಿಡದೆ, ಕಣ್ಣು ತುಂಬ ನೋಡಿದಳು.

“ಬಾ,” ಎಂದಳು.